ಚೀಟಿಯಣ್ಣನ ಮೂರಕ್ಷರದ ಕಟ್ಟು

ಅವರನ್ನು ನಾನು ಮೊದಲು ಕಂಡದ್ದು ಮೇಜಿನ ಕೆಳಗೆ. ಗಾಳಿಗೆ ಅವರ ಚೀಟಿಗಳು ಹಾರಿ, ನಾವು ಪುಸ್ತಕದ ಹಾಳೆ ಮಡಿಸುವ ಕೋಣೆಯ ತುಂಬ ಹರಡಿದ್ದವು. ಮಂಡಿಯೂರಿ ಹುಡುಕುತ್ತಿದ್ದರು. ನಾನೂ ಬಗ್ಗಿ ಆಯ್ದುಕೊಟ್ಟೆ. ಎಲ್ಲ ಚೀಟಿಯ ತಲೆಯಲ್ಲೂ ಅದೇ ಮೂರು ಇಂಗ್ಲಿಷ್ ಅಕ್ಷರ: ಒಡೆದ ಬಳೆ, ಇಡೀ ಬಳೆ, ಆಮೇಲೊಂದು ಪುಟ್ಟ ಬಾಗಿಲು. ಕನ್ನಡವನ್ನೇ ನಾನು ಅಕ್ಷರ ಕೂಡಿಸಿಕೊಂಡು ಓದುವವಳು. ಆದರೂ ಆ ಮೂರು ಆಕಾರ ಅವತ್ತೇ ಕಣ್ಣಲ್ಲಿ ಕೂತವು.

ಅಚ್ಚುಕೂಟದಲ್ಲಿ ಅವರು ಎಲ್ಲರಿಗೂ ಚೀಟಿಯಣ್ಣ. ಶಾಲೆಯ ಮಕ್ಕಳಿಗೆಂದು ನಿಘಂಟೊಂದು ಸಿದ್ಧವಾಗುತ್ತಿತ್ತು. ಅದರಲ್ಲಿ ‘ಕನ್’ ಎಂದು ಶುರುವಾಗುವ ಇಂಗ್ಲಿಷ್ ಪದಗಳು ಇವರ ಪಾಲಿಗೆ ಬಂದಿದ್ದವು. ಪದಕ್ಕೊಂದು ಚೀಟಿ. ಅರ್ಥ ಬರೆಯುವ ಮುಂಚೆ ಇಂಗ್ಲಿಷ್ ಬಾರದವರ ಹತ್ತಿರ ಬಂದು, ಪದ ಹೇಳದೆ ಸಂಗತಿಯನ್ನಷ್ಟೇ ಹೇಳಿ, ಇದಕ್ಕೆ ನೀವೇನಂತೀರಿ ಎಂದು ಕೇಳುವುದು ಅವರ ಪದ್ಧತಿ. ಹೂಜಿ ಒಡೆದ ಮಗು ಯಾರೂ ಕೇಳದೆಯೇ ಬಂದು, ನಾನೇ ಒಡೆದೆ ಎನ್ನುತ್ತದೆ. ಅದು ಮಾಡಿದ್ದೇನು ಎಂದರು ಒಮ್ಮೆ.

"ಯಾರ ಮನೆ ಮಗು ಅದು? ನಮ್ಮನೇಲಿ ಅಂಥದ್ದು ಒಂದೂ ಹುಟ್ಟಲಿಲ್ಲ" ಎಂದೆ. ನಕ್ಕರು. ತಪ್ಪು ಒಪ್ಪಿಕೊಂಡಿತು ಎಂದು ನಾನು ಹೇಳಿದ ಮೇಲೆ ಬರೆದುಕೊಂಡರು. ಬಚ್ಚಿಡು, ಮನಸ್ಸು ಬಿಚ್ಚಿ ಹೇಳು, ಹೀಗೆ ನನ್ನ ಎಷ್ಟೋ ಮಾತು ಆ ಕಟ್ಟಿಗೆ ಸೇರಿದವು.

"ಹಾಳೆ ಮಡಿಸೋ ಅಮ್ಮನ ಹತ್ರ ನಿಘಂಟು ಬರೆಸ್ತೀರೇನ್ರೀ?" ಎಂದು ಮ್ಯಾನೇಜರು ಚುಚ್ಚಿದರು.

ಎರಡು ವರ್ಷದಲ್ಲಿ ಚೀಟಿಯಣ್ಣನ ಕಣ್ಣು ಮಂಜಾಯಿತು. ತಿಂಗಳ ಕೊನೆಗೆ ಮುಗಿಯದಿದ್ದರೆ ಉಳಿದದ್ದು ಬೇರೆಯವರಿಗೆ ಎಂದು ಗಡುವು ಬಿತ್ತು. ಆ ಬೇರೆಯವರು ಬರೆದ ಅರ್ಥ ತಿಳಿಯಲು ಇನ್ನೊಂದು ನಿಘಂಟು ಬೇಕಾಗುತ್ತಿತ್ತು. ಮಕ್ಕಳ ಕೈಗೆ ಅದು ಹೋಗಬಾರದು ಎಂಬುದೊಂದೇ ಇವರಿಗೆ ಚಿಂತೆ, ಊಟವೂ ಸೇರದು. ಕೆಲಸ ಮುಗಿಸಿ ನಾನು ಅವರ ಮನೆಗೆ ಹೋಗತೊಡಗಿದೆ. ಅವರ ಮಗಳು ಪದ ಓದುವಳು, ಅವರು ಸಂಗತಿ ಹೇಳುವರು, ನಾನು ಮಾತು ಹುಡುಕುವೆ, ಮಗಳು ಬರೆಯುವಳು.

ಗಡುವಿನ ದಿನ ಒಂದೇ ಚೀಟಿ ಉಳಿದಿತ್ತು. ತನಗೆ ವರ್ಗವಾದ ಊರಿನಲ್ಲಿ ಮನೆ ನೋಡಲು ಮಗಳು ಹೋಗಿದ್ದಳು. ಎರಡು ದಿನದಲ್ಲಿ ಅವರೂ ಅಲ್ಲಿಗೆ ಹೊರಡುವವರು. ಆಮೇಲೆ ನಾವು ಭೇಟಿಯಾಗಲೇ ಇಲ್ಲ. ಉಳಿದ ಪದ ಅವರಿಗೆ ನೆನಪಿತ್ತು, ಕನ್ಸೋಲ್.

"ನಿಮ್ಮ ಯಜಮಾನ್ರು ಹೋದಾಗ ಯಾರಾದ್ರೂ ಬಂದು ಪಕ್ಕದಲ್ಲಿ ಕೂತಿದ್ರಾ ಅಕ್ಕ?"

ನಾದಿನಿ ಕೂತಿದ್ದಳು ಎಂದೆ. ಅವಳು ಏನೂ ಮಾತಾಡಲಿಲ್ಲ. ನಾನು ಅತ್ತಷ್ಟು ಹೊತ್ತೂ ಕೈ ಬಿಡಲಿಲ್ಲ.

"ಅದಕ್ಕೆ ಏನಂತೀರಿ?"



"ಸಮಾಧಾನ ಮಾಡಿದ್ಳು ಅಂತೀವಿ."

"ಹಾಗೇ ಬರೀರಿ, ನಿಮ್ಮ ಕೈಲೇ."

ಪೆನ್ಸಿಲ್ ಒತ್ತಿ ಒಂದೊಂದೇ ಅಕ್ಷರ ಬರೆದೆ. ಚೀಟಿ ಇಸಿದುಕೊಂಡು ಅದರ ಮೇಲೆ ಬೆರಳಾಡಿಸಿದರು.

"ಪ್ರೆಸ್ಸಲ್ಲಿ ಟೈಪ್ ಮಾಡೋನಿಗೆ ಇದು ಓದೋಕೆ ಬರತ್ತೇನಕ್ಕ?"