ಎಡಮೂಲೆಯ ಬೆಂಚುಗಳು

ಭೌತಶಾಸ್ತ್ರದ ಲ್ಯಾಬಿನ ಅಟೆಂಡರನನ್ನು ಹೆಸರು ಹಿಡಿದು ಕರೆಯುವವರು ಕಾಲೇಜಿನಲ್ಲಿ ಯಾರೂ ಇರಲಿಲ್ಲ; ಎಲ್ಲರಿಗೂ ಆತ ಗ್ರಾಫ್ ಮಾಮ. ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡ ಯಾವ ಊರಿನಲ್ಲಿ ಆಡಿದರೂ ಮಾಮ ಗ್ಯಾಲರಿಯಲ್ಲಿ ಹಾಜರು. ಗ್ರಾಫ್ ಹಾಳೆಯ ಮೇಲೆ ಅಂಕಣ ಬರೆದುಕೊಂಡು, ಎದುರಾಳಿಗಳು ಚೆಂಡು ಎಸೆದ ಜಾಗಕ್ಕೆಲ್ಲ ಚುಕ್ಕೆ ಇಡುತ್ತಿದ್ದ. ಬುಟ್ಟಿಗೆ ಬಿದ್ದರೆ ಕೆಂಪು, ತಪ್ಪಿದರೆ ನೀಲಿ. ಒಂದು ದಿನವೂ ಚೆಂಡು ಮುಟ್ಟಿದವನಲ್ಲ, ಆದರೂ ಚುಕ್ಕೆ ಸುಳ್ಳು ಹೇಳುವುದಿಲ್ಲ ಎಂಬ ಜಂಬ ಬೇಕಾದಷ್ಟಿತ್ತು.

ಆ ವರ್ಷ ತಂಡ ಸಾಲಾಗಿ ಮೂರು ಪಂದ್ಯ ಸೋತಿತು. ಕೋಚ್ ಆಗಿದ್ದವಳು ಮಾಮನ ಸ್ವಂತ ಅಕ್ಕನ ಮಗಳು. ಅವಳದು ವರ್ಷ ವರ್ಷ ಮುಂದುವರಿಸುವ ಕೆಲಸ. ಶನಿವಾರವೂ ಸೋತರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಪ್ರಿನ್ಸಿಪಾಲರು ಮುಖ ಮುರಿದಂತೆ ಹೇಳಿದ್ದರು. ಹಾಳೆಗಳಲ್ಲಿ ರೋಗ ಎದ್ದು ಕಾಣುತ್ತಿತ್ತು. ಎದುರಾಳಿಗಳಿಗೆ ಮೂರು ಅಂಕದ ಗೆರೆಯಾಚೆಯಿಂದ ಬುಟ್ಟಿಗೆ ಬಿದ್ದ ಇಪ್ಪತ್ತೆರಡರಲ್ಲಿ ಹದಿನೈದು ಎಡಮೂಲೆಯವು. ಉಳಿದ ಕಡೆಯೆಲ್ಲ ಎದುರಾಳಿಗೆ ಅಂಟಿಕೊಂಡು ನಿಲ್ಲುವ ಹುಡುಗಿಯರು ಆ ಮೂಲೆಗೆ ಮಾತ್ರ ಎರಡು ಹೆಜ್ಜೆ ಮೊದಲೇ ನಿಂತುಬಿಡುತ್ತಿದ್ದರು.

ಮಾಮ ಅಕ್ಕನ ಮಗಳಿಗೆ ಹತ್ತು ಸಲ ಹಾಳೆ ತೋರಿಸಿದ. ಅವಳು ನೆಲ ನೋಡುತ್ತ “ಹೂಂ ಮಾಮ” ಅನ್ನುವಳು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ! ಮೈಯೆಲ್ಲ ಉರಿದು, ಈ ಸೋಮಾರಿಗಳಿಗೆ ತಾನೇ ನಾಲ್ಕು ಮಾತು ಅಂದು ಬರುತ್ತೇನೆಂದು ಬುಧವಾರ ಸಂಜೆ ಅಭ್ಯಾಸದ ಹಾಲ್‌ಗೆ ಹೊರಟ. ಹಾಲ್ ಕಾಲೇಜಿನ ಆ ತುದಿಗೆ. ಮಂಡಿನೋವಿನ ನೆಪದಲ್ಲಿ ಆರು ವರ್ಷದಿಂದ ಅತ್ತ ತಲೆ ಹಾಕಿರಲಿಲ್ಲ.

ಅಲ್ಲಿ ಅಭ್ಯಾಸಕ್ಕೆ ನೆಟ್ಟಗಿದ್ದದ್ದು ಒಂದೇ ಬುಟ್ಟಿ. ಉದ್ದ ಜಡೆಯ ಹುಡುಗಿ ಎಡಮೂಲೆಗೆ ಓಡಿಬಂದು, ಸರಿಯಾಗಿ ಎರಡು ಹೆಜ್ಜೆ ಮೊದಲೇ ನಿಂತಳು. ಮುಂದೆ ಜಾಗವೇ ಇರಲಿಲ್ಲ. ಅಂಕಣದ ಅಂಚಿನ ಗೆರೆಯ ಒಳಗೇ ತಲೆಯೆತ್ತರಕ್ಕೆ ಲ್ಯಾಬಿನ ಹಳೇ ಬೆಂಚುಗಳು ಒಟ್ಟಿದ್ದವು. ಮೇಲಿನದರ ಮೇಲೆ ಬಿಳಿ ಬಣ್ಣದಲ್ಲಿ, ಮಾಮನದೇ ಕೈಬರಹದಲ್ಲಿ, ‘ಎಸೆಯಬಾರದು’. ಆರು ವರ್ಷದ ಹಿಂದೆ ಹೊಸ ಬೆಂಚು ಬಂದಾಗ ಹಳೆಯದನ್ನು ಗುಜರಿಗೆ ಹಾಕಲು ಮನಸ್ಸಾಗದೆ, ಒಂದು ತಿಂಗಳು ಇರಲಿ ಎಂದು ಅವನೇ ಇಡಿಸಿದ್ದ. ಈಗಿನ ಹುಡುಗಿಯರಲ್ಲಿ ಒಬ್ಬಳೂ ಆ ಮೂಲೆಯ ನೆಲ ಕಂಡವಳಲ್ಲ.

“ಇದನ್ನ ಯಾಕೆ ತೆಗೆಸಿಲ್ಲ?” ಎಂದು ಅಕ್ಕನ ಮಗಳನ್ನು ಕೇಳಿದ ಮಾಮ. ಕೇಳುವಾಗಲೇ ನಾಚಿಕೆಯಾಯಿತು.

“ನೀವು ಇಟ್ಟಿದ್ದು ಮಾಮ. ತೆಗೀರಿ ಅಂತ ನಾನು ಹೇಗೆ ಹೇಳ್ಲಿ? ಆ ಮೂಲೆ ಬಿಟ್ಟು ಆಡಿ ಅಂತ ಹುಡುಗೀರಿಗೇ ಹೇಳ್ತಿದ್ದೆ.”

ಇಂಥ ಮರ್ಯಾದೆಗೆ ಏನನ್ನುವುದು? ಕೆಲಸ ಹೋದರೂ ಸರಿ, ಮಾಮನ ಬೆಂಚು ಅಲುಗಬಾರದು! ಬೈಯೋಣವೆಂದರೆ ಬೈಗುಳ ಸುತ್ತಿ ಬಂದು ತನ್ನ ಮೇಲೇ ಬೀಳುತ್ತಿತ್ತು. ಮಾಮ ಮಂಡಿ ಹಿಡಿದುಕೊಂಡೇ ಒಂದು ತುದಿಗೆ ಕೈ ಹಾಕಿದ. ಹುಡುಗಿಯರು ಉಳಿದದ್ದನ್ನು ಹೊರಗೆ ಸಾಗಿಸಿದರು. ಗುರುವಾರ, ಶುಕ್ರವಾರ ಆ ಮೂಲೆಯಲ್ಲೇ ಓಡಿದರು.

ಶನಿವಾರ ಕೊನೆಯವರೆಗೂ ತಂಡಕ್ಕೆ ಎರಡು ಅಂಕದ ಮುನ್ನಡೆಯಿತ್ತು. ಕೊನೆಯ ಚೆಂಡು ಎಡಮೂಲೆಯಲ್ಲಿದ್ದ ಎದುರಾಳಿಗೆ ಬಂತು. ಜಡೆಯ ಹುಡುಗಿ ಜೀವ ಬಿಟ್ಟು ಓಡಿದಳು. ಒಂದು ಹೆಜ್ಜೆ ಮೊದಲು ನಿಂತಳು. ಮಾಮ ಕೆಂಪು ಚುಕ್ಕೆ ಇಟ್ಟ: ಮೂರು ಅಂಕ.

ಸೋಮವಾರ ಅಕ್ಕನ ಮಗಳು ಸೀಟಿ, ಕೀಲಿಕೈ ಒಪ್ಪಿಸಿ ಲ್ಯಾಬಿಗೆ ಬಂದಳು. ಹಾಳೆ ಕೇಳಿ ತೆಗೆದುಕೊಂಡು ಕೊನೆಯ ಕೆಂಪು ಚುಕ್ಕೆಯ ಮೇಲೆ ಬೆರಳಿಟ್ಟಳು.

“ಇನ್ನೊಂದು ವಾರ ಸಿಕ್ಕಿದ್ರೆ ಆ ಹೆಜ್ಜೇನೂ ಹಾಕ್ತಿದ್ಲು ಮಾಮ,” ಎಂದಳು.

ಬೆಂಚುಗಳಿಗೆ ಸಿಕ್ಕಿದ್ದು ಆರು ವರ್ಷ.