ಬಣ್ಣದ ಹಂಡೆಯ ಥರ್ಮೋಸ್ಟಾಟ್

ಬನಹಟ್ಟಿಯ ನಮ್ಮ ಮನೆಯ ಹಿತ್ತಲಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುವ ಹಂಡೆಗೆ ಆ ವರ್ಷ ಕರೆಂಟಿನ ಹೀಟರ್ ಕೂಡಿಸಿದ್ದೆವು. ಕಟ್ಟಿಗೆ ಒಲೆಯ ಹೊಗೆ ಅತ್ತೆಯವರ ಎದೆಗೆ ಆಗುತ್ತಿರಲಿಲ್ಲ. ಹಟ ಹಿಡಿದು ಹೀಟರ್ ತರಿಸಿದವಳು ನಾನೇ. ಮೊದಲ ದಿನವೇ ಅದು ನಿಮಿಷಕ್ಕೊಮ್ಮೆ ಬಂದ್ ಆಗಿ ಮತ್ತೆ ಚಾಲೂ ಆಗತೊಡಗಿತು. ಹಂಡೆಯಲ್ಲಿ ಮದುವೆ ಸೀರೆಯ ಕೆಂಪು ನೂಲಿತ್ತು.

"ನೀರ ಕಾಯವಲ್ತು. ಬಣ್ಣ ಪಟ್ಟಿ ಪಟ್ಟಿ ಹಿಡ್ಯಾಕತ್ತೈತಿ ನೋಡವ್ವಾ," ಎಂದು ಅತ್ತೆ ನೂಲಿನ ಲಡಿಯನ್ನು ಕೋಲಿನಿಂದ ಎತ್ತಿ ತೋರಿಸಿದರು.

ಹೀಟರಿನ ಶಾಖ ಹಿಡಿತದಲ್ಲಿಡುವ ಥರ್ಮೋಸ್ಟಾಟಿನ ಗುಂಡಿ ತಿರುಗಿಸಿ ಶಾಖ ಏರಿಸಿದೆ. ಟಕ್ ಎಂದು ಮತ್ತೆ ಬಂದ್ ಆಯಿತು. ಬಗ್ಗಿ ನೋಡಿದರೆ, ಶಾಖ ಅಳೆಯುವ ಅದರ ತಂತಿ ಜಾರಿ ಹೀಟರಿಗೇ ಅಂಟಿಕೊಂಡಿತ್ತು. ನೀರಿಗಿಂತ ಮೊದಲು ತಂತಿಯೇ ಕಾದು ಕರೆಂಟು ಕಡಿಯುತ್ತಿತ್ತು.

"ಅತ್ತೀ, ನೂಲು ಮ್ಯಾಲ ಹಿಡೀರಿ. ಮೇನ್ ಬಂದ್ ಮಾಡ್ತೇನಿ."

"ಲಗೂನ ಮಾಡು. ನೂಲು ತಣ್ಣಗಾದ್ರ ಮುಗೀತು."

ತಂತಿಯನ್ನು ಎಳೆದು ಹಂಡೆಯ ಆಚೆ ಬದಿಗೆ ಕಟ್ಟಿದೆ. ಗುಂಡಿಯನ್ನು ಮೊದಲಿನ ಗುರುತಿಗೇ ಇಳಿಸಿ ಕರೆಂಟು ಹಾಕಿದೆ. ಹೀಟರಿನ ದೀಪ ಈ ಸಲ ಆರಲಿಲ್ಲ. ಮೆಲ್ಲಗೆ ಹಬೆ ಏಳತೊಡಗಿತು. ಅತ್ತೆ ನೂಲನ್ನು ಇಳಿಸಿ ತಿರುವುತ್ತ ಹೋದರು.

ಸಂಜೆ ನೋಡಿದಾಗ, ಒಣಗಿದ ಲಡಿಗಳಲ್ಲಿ ಒಂದರಲ್ಲಿ ಮಾತ್ರ ತಿಳಿ ಪಟ್ಟೆ ಉಳಿದಿತ್ತು. ಅತ್ತೆ ಅದನ್ನು ಬದಿಗಿಟ್ಟು, "ನಾಳೆ ಇದನ್ನ ಮತ್ತೊಮ್ಮೆ ಅದ್ದೂಣು," ಎಂದರು.