ಸಂಖ್ಯೆಗೂ ಮನೆ ಕೇಳಿದ ಮೇಷ್ಟ್ರು

ಮೊನ್ನೆ ಮದ್ದೂರಿನಲ್ಲಿ ಮಳವಳ್ಳಿ ಬಸ್ಸು ಹತ್ತಿ ಕೂತಿದ್ದೆ. ಪಕ್ಕದ ಅಜ್ಜ ನಶ್ಯದ ಡಬ್ಬಿ ತೆರೆದರು. ಆ ಘಾಟಿಗೆ ಸೀನು ಬರುವ ಮೊದಲೇ ನಮ್ಮ ಮೇಷ್ಟ್ರು ನೆನಪಿಗೆ ಬಂದುಬಿಟ್ಟರು...

ಕಾಲೇಜಿನಲ್ಲಿ ನನಗೆ ಗಣಿತ ಕಲಿಸಿದವರು. ನಾನು ಮಂಡ್ಯದಲ್ಲಿ ಕಂಪ್ಯೂಟರ್ ಪಾಠ ಹೇಳುವ ಹೊತ್ತಿಗೆ ನಿವೃತ್ತರಾಗಿ ಮಳವಳ್ಳಿಯಲ್ಲಿದ್ದರು. ನಮ್ಮ ಕಡೆಯ ಮಕ್ಕಳು ಕಂಪ್ಯೂಟರಿನಲ್ಲಿ ಬೀಜಗಣಿತ ಮಾಡಲು ನಮ್ಮದೇ ಒಂದು ಪ್ರೋಗ್ರಾಮಿಂಗ್ ಭಾಷೆ ಕಟ್ಟಬೇಕೆಂಬ ಹುಚ್ಚು ಅವರಿಗೆ. ಅದನ್ನು ನನಗೂ ಹತ್ತಿಸಿದರು. ಭಾನುವಾರ ಬಂತೆಂದರೆ ನಾನು ಅವರ ಮನೆಯಲ್ಲಿ.

ನಮ್ಮ ಜಗಳವೆಲ್ಲ ಒಂದೇ. ಮಂಡ್ಯದ ಕಡೆ ಹೊಸಬರು ಬಂದರೆ ನೀರು ಕೊಡುವ ಮೊದಲೇ ‘ಯಾವೂರು, ಯಾರ ಮನೆಯವರು’ ಎಂದು ಕೇಳುತ್ತೇವಲ್ಲ, ಭಾಷೆಯೂ ಪ್ರತಿ ಸಂಖ್ಯೆಯನ್ನು ಹಾಗೇ ಕೇಳಬೇಕು ಎನ್ನುತ್ತಿದ್ದರು. ಪೂರ್ಣಾಂಕ ಒಂದು ಮನೆ, ಸಂಖ್ಯೆಗಳನ್ನು ಸಾಲುಸಾಲಾಗಿ ಜೋಡಿಸಿದ ಮ್ಯಾಟ್ರಿಕ್ಸ್ ಇನ್ನೊಂದು ಮನೆ. ಪುಸ್ತಕಗಳು ಇದನ್ನೇ ಟೈಪ್ ಎನ್ನುತ್ತವೆ. ಒಂದು ಮನೆಯದು ಇನ್ನೊಂದಕ್ಕೆ ಹೋಗಬೇಕಾದರೆ ಬರೆದವರು ಬಾಯಿಬಿಟ್ಟು ಹೇಳಲೇಬೇಕು. ನನಗೆ ರೇಗುತ್ತಿತ್ತು. “ಮಕ್ಕಳು ಬೇಸತ್ತು ಬಿಟ್ಟು ಹೋಗ್ತಾರೆ ಮೇಷ್ಟ್ರೇ” ಎಂದರೆ, “ಕೇಳ್ದೆ ಒಳಕ್ಕೆ ಬುಟ್ಕಂಡು ಆಮ್ಯಾಕೆ ಯಾರ್ನ ಬಯ್ತೀಯಮ್ಮ?” ಎಂದು ಇನ್ನೊಂದು ಚಿಟಿಕೆ ನಶ್ಯ ಏರಿಸುತ್ತಿದ್ದರು.

ಕೊನೆಗೊಂದು ದಿನ ಮದ್ದೂರಿನ ಕಾಲೇಜೊಂದರಲ್ಲಿ ಸುತ್ತಲಿನ ಗಣಿತದ ಅಧ್ಯಾಪಕರೆಲ್ಲ ಸೇರಿದರು. ಅವರು ಒಪ್ಪಿದರೆ ನಮ್ಮ ಭಾಷೆ ಲ್ಯಾಬುಗಳಿಗೆ ಹೋಗುತ್ತದೆ. ಇಲ್ಲದಿದ್ದರೆ ಅಷ್ಟೂ ಭಾನುವಾರಗಳು ಮಣ್ಣುಪಾಲು. ಮೊದಲು ಎದ್ದವರು ನಾಲ್ಕು ಸಂಖ್ಯೆಗಳ ಒಂದು ಮ್ಯಾಟ್ರಿಕ್ಸಿನಿಂದ ಎರಡು ಕಳೆಯಲು ಹೇಳಿದರು. ಭಾಷೆ ಕಳೆಯಲಿಲ್ಲ. ‘ಈ ಎರಡು ಯಾವ ಮನೆಯದು?’ ಎಂದು ಪರದೆಯ ಮೇಲೆ ಕೇಳಿತು. ಸಭೆ ಗೊಳ್ಳೆಂದಿತು. “ನಮ್ಮ ಹಳೇ ಸಾಫ್ಟ್‌ವೇರು ಒಂದೇ ಏಟಿಗೆ ಉತ್ತರ ಕೊಡುತ್ತಲ್ಲ ಸಾರ್?” ಎಂದರು ಅವರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ.

ಮೇಷ್ಟ್ರು ಎದ್ದರು. “ಆಗ್ಲಿ ಬುಡಪ್ಪ, ಎರಡ್ರಲ್ಲೂ ಮಾಡಮ. ಮ್ಯಾಟ್ರಿಕ್ಸನ್ನ ಅದ್ರುದೇ ಲಕ್ಷಣ ಸಮೀಕರಣಕ್ಕೆ ಆಕಿ ನೋಡು. ಸೊನ್ನೆ ಬರ್ಬೇಕು ತಾನೆ?”

ಪ್ರತಿ ಮ್ಯಾಟ್ರಿಕ್ಸಿಗೂ ಅದರದೇ ಒಂದು ಸಮೀಕರಣವಿದೆ, ಅದರಲ್ಲಿ ಅದನ್ನೇ ಹಾಕಿದರೆ ಸೊನ್ನೆಯೇ ಬರಬೇಕು; ಅಲ್ಲಿದ್ದವರೆಲ್ಲ ವರ್ಷವರ್ಷವೂ ಪಾಠ ಮಾಡುವ ಪ್ರಮೇಯ ಅದು. ಹಳೆಯ ಸಾಫ್ಟ್‌ವೇರು ಸಮೀಕರಣದ ಕೊನೆಯ ಎರಡನ್ನು ನಾಲ್ಕೂ ಸ್ಥಾನಗಳಿಂದ ಕಳೆದು, ಎರಡರಲ್ಲಿ ಸೊನ್ನೆ, ಇನ್ನೆರಡರಲ್ಲಿ ಮೈನಸ್ ಎರಡು ತೋರಿಸಿತು. ನಮ್ಮದು ಮತ್ತೆ ಮನೆ ಕೇಳಿತು. ‘ಮ್ಯಾಟ್ರಿಕ್ಸ್’ ಎಂದು ಒತ್ತಿದೆ. ಎರಡನ್ನು ಮೂಲೆಯಿಂದ ಮೂಲೆಗೆ ಹೋಗುವ ಕರ್ಣದ ಮೇಲೆ ಮಾತ್ರ ಕೂರಿಸಿ ಕಳೆಯಿತು. ನಾಲ್ಕೂ ಕಡೆ ಸೊನ್ನೆ! ಮೊದಲು ಚಪ್ಪಾಳೆ ಹೊಡೆದವರು ಆ ಪ್ರಶ್ನೆ ಕೇಳಿದವರೇ. ಆಮೇಲೆ ಸಭೆಗೆ ಸಭೆಯೇ ಎದ್ದು ನಿಂತಿತು. ಮೇಷ್ಟ್ರು ಮದುವೆ ಗಂಡಿನ ಹಾಗೆ ಬೀಗುತ್ತಿದ್ದರು... ಅಂಥ ಗೆಲುವನ್ನು ನಾನು ಮತ್ತೆ ಕಂಡಿಲ್ಲ.

ಅವತ್ತು ಒಪ್ಪಿಕೊಂಡ ಭಾಷೆ ಈಗ ಮಳವಳ್ಳಿಯ ಲ್ಯಾಬಿನಲ್ಲೂ ಇದೆ. ಮೊನ್ನೆ ಬಸ್ಸಿಳಿದು ಅಲ್ಲಿಗೇ ಹೋದೆ. ಅಲ್ಲಿನ ಹೊಸ ಅಧ್ಯಾಪಕಿ ತಾನಾಗಿಯೇ ಭಾಷೆಗೊಂದು ಹೊಸ ಮನೆ ಬರೆದು ಸೇರಿಸಿ, “ನೋಡಿ ಮೇಡಂ, ಸರಿಯಾಗೈತಾ?” ಎಂದಳು. ಅಚ್ಚುಕಟ್ಟಾಗಿತ್ತು, ಹೆಮ್ಮೆಯಿಂದ ಎದೆ ಉಬ್ಬಿತು. ಆದರೆ ಇಂಥದ್ದನ್ನು ಮೇಷ್ಟ್ರೂ ನಾನೂ ಕೂಡಿ ನೋಡದೆ ಒಪ್ಪಿದ್ದೇ ಇಲ್ಲ. ಅವರು ಹೋಗಿ ಎರಡು ವರ್ಷವಾಯಿತು... ಇನ್ನೊಮ್ಮೆ ಓದಿದೆ. “ಸರಿಯಾಗಿದೆ” ಎಂದು ಒಬ್ಬಳೇ ಹೇಳಿದೆ.